ಶಾಲೆಯವರು "ಬೇರೆ ಕಡೆ ನೋಡಿ" ಅಂತಿದ್ದಾರೆ. ಮಗನ ಪರವಾಗಿ ಹೇಗೆ ಮಾತಾಡಲಿ?

ಕಿರಾಣಿ ಅಂಗಡಿ ಸೊಸೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಒಂಬತ್ತು ವರ್ಷ. ಖಾಸಗಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಬರೆಯುವುದು ಅಂದರೆ ಅವನಿಗೆ ಹಿಂಸೆ. 'ಪುಸ್ತಕ' ಬರೆಯಪ್ಪ ಅಂದರೆ 'ಪುಸತಕ' ಅಂತ ಬರೆಯುತ್ತಾನೆ. ಒತ್ತಕ್ಷರ ಎಲ್ಲಿ ಕೂರಿಸಬೇಕು ಅಂತ ಗೊತ್ತಾಗದೆ ಪೆನ್ಸಿಲ್ ಹಿಡಿದುಕೊಂಡು ಹಾಗೇ ಕೂತಿರುತ್ತಾನೆ. ಇಂಗ್ಲಿಷಿನಲ್ಲಿ ಬಿ, ಡಿ ಇನ್ನೂ ಅದಲು ಬದಲು. ಬೋರ್ಡ್ ನೋಡಿ ಎರಡು ಸಾಲು ಬರೆಯುವಷ್ಟರಲ್ಲಿ ಟೀಚರ್ ಅಳಿಸಿರುತ್ತಾರೆ. ನೋಟ್ಸ್ ತೆರೆದರೆ ಎಲ್ಲ ಪುಟವೂ ಅರ್ಧ. ಕೆಳಗೆ ಕೆಂಪು ಶಾಯಿಯಲ್ಲಿ 'ಇನ್‌ಕಂಪ್ಲೀಟ್'.

ಇದೇ ಹುಡುಗ ಸಂಜೆ ನಮ್ಮ ಮಾವನವರ ಅಂಗಡಿಯಲ್ಲಿ ಕೂರುತ್ತಾನೆ. ಮುಕ್ಕಾಲು ಕೆಜಿ ತೊಗರಿಬೇಳೆ, ಕಾಲು ಕೆಜಿ ಬೆಲ್ಲ, ಎರಡು ಸೋಪು ಅಂದರೆ ಬಾಯಲ್ಲೇ ಲೆಕ್ಕ ಹಾಕಿ ಐನೂರರ ನೋಟಿಗೆ ಚಿಲ್ಲರೆ ಎಷ್ಟು ಅಂತ ಹೇಳುತ್ತಾನೆ. ಗಣಿತದ ಟೆಸ್ಟಿನಲ್ಲಿ ಬಂದಿದ್ದು 20ಕ್ಕೆ 4.

ಕಳೆದ ತಿಂಗಳು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿದೆವು. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಓದುವ, ಬರೆಯುವ ತೊಂದರೆ) ಅಂತ 14 ಪುಟದ ವರದಿ ಕೊಟ್ಟರು. ಬುದ್ಧಿಮಟ್ಟ ಚೆನ್ನಾಗಿಯೇ ಇದೆ ಅಂತಲೂ ಬರೆದಿದ್ದಾರೆ. ಅದನ್ನು ಶಾಲೆಗೆ ಕೊಟ್ಟೆ. ಎರಡು ದಿನ ಬಿಟ್ಟು ಕರೆದು, "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ. ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ, ಇಲ್ಲಾ ನಿಮ್ಮ ಖರ್ಚಿನಲ್ಲಿ ಪಕ್ಕದಲ್ಲೇ ಕೂತು ನೋಡಿಕೊಳ್ಳಲು ಶ್ಯಾಡೋ ಟೀಚರ್ ಇಡಿ" ಅಂದರು. ನನಗೆ ಅಳು ಬಂತು. ಒಂದು ಮಾತೂ ಆಡದೆ ಎದ್ದು ಬಂದೆ.

ಮನೆಯವರು "ಜಗಳ ಬೇಡ, ಶಾಲೆ ಬದಲಿಸೋಣ" ಅಂತಾರೆ. ಬದಲಿಸಿದರೂ ಅಲ್ಲಿ ಇದೇ ಮಾತು ಬರಲ್ಲ ಅಂತ ಏನು ಗ್ಯಾರಂಟಿ? ನಾನು ಏನು ಕೇಳಬೇಕು, ಹೇಗೆ ಕೇಳಬೇಕು, ಯಾರನ್ನು ಕೇಳಬೇಕು?

ಬಯಲುಸೀಮೆ · ಸೋಮವಾರ, ರಾತ್ರಿ 9:58

ಮೊದಲ ಪ್ರಶ್ನೆ. ಅವರು ಹೇಳಿದ್ದನ್ನು ಬರೆದು ಕೊಟ್ಟಿದ್ದಾರಾ? ಇಲ್ಲ ಅಂದರೆ "ಸರ್, ಇದನ್ನೇ ಒಂದು ಪತ್ರದಲ್ಲಿ ಕೊಡಿ" ಅಂತ ಕೇಳಿ. ನಮ್ಮ ಮಗಳ ವಿಷಯದಲ್ಲಿ ಹಾಗೆ ಕೇಳಿದ ಮರುದಿನವೇ ಮಾತು ಮೆತ್ತಗಾಯಿತು.

ಹೊಂಗೆಮರ · ಸೋಮವಾರ, ರಾತ್ರಿ 10:05

ಅಕ್ಕ, ನಮ್ಮ ಮನೆಯಲ್ಲೂ ಇದೇ ಕತೆ. ಮೂರನೇ ಕ್ಲಾಸು. ಈ ಚರ್ಚೆ ನನಗೂ ಬೇಕು.

ಮೊಸರನ್ನ · ಸೋಮವಾರ, ರಾತ್ರಿ 10:31

ನಾನು ಇಬ್ಬರು ವಿಶೇಷ ಮಕ್ಕಳ ತಂದೆ. ಎಂಟು ವರ್ಷದಿಂದ ಕಚೇರಿಗಳನ್ನು ಸುತ್ತಿ ಕಲಿತಿದ್ದನ್ನು ಹೇಳುತ್ತೇನೆ.

"ನಮ್ಮದು ಖಾಸಗಿ ಶಾಲೆ, ನಮಗೆ ಇದೆಲ್ಲ ಅನ್ವಯಿಸಲ್ಲ" ಅಂತ ಹೇಳುತ್ತಾರೆ. ಅದು ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 16ನೇ ಸೆಕ್ಷನ್ ಸರ್ಕಾರದ ಹಣ ಪಡೆಯುವ ಶಾಲೆಗಳಿಗಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಸೇರುತ್ತದೆ. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು. ಆ ಮಗುವಿಗೆ ಬೇಕಾದ ಹಾಗೆ ಹೊಂದಾಣಿಕೆ ಮಾಡಿಕೊಡಬೇಕು. ಇನ್ನೂ ಒಂದು ಮಾತು ಅದರಲ್ಲಿದೆ, ಅದು ನೇರ ನಿಮ್ಮ ಮಗನಿಗೆ ಸಂಬಂಧಿಸಿದ್ದು: ಕಲಿಕಾ ನ್ಯೂನತೆ ಇರುವ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ಪಾಠದ ರೀತಿಯಲ್ಲಿ ಬೇಕಾದ ಕ್ರಮ ತೆಗೆದುಕೊಳ್ಳಬೇಕು. ಗುರುತಿಸುವ ಕೆಲಸವೇ ಶಾಲೆಯದ್ದು. ಇಲ್ಲಿ ನೀವು ಸ್ವಂತ ದುಡ್ಡಿನಲ್ಲಿ ಗುರುತಿಸಿ ತಂದು ಕೊಟ್ಟಿದ್ದೀರಿ, ಅವರು ಹೊರಗೆ ಹೋಗಿ ಅಂತಿದ್ದಾರೆ.

2018ರ ಜನವರಿಯ ಕೇಂದ್ರದ ಮಾರ್ಗಸೂಚಿಯಲ್ಲಂತೂ ಸರ್ಕಾರಿ, ಖಾಸಗಿ ಎರಡೂ ಶಾಲೆಗಳಲ್ಲಿ ಮುಖ್ಯಸ್ಥರ ಕೆಳಗೆ ಒಂದು ಸ್ಕ್ರೀನಿಂಗ್ ಸಮಿತಿ ಇರಬೇಕು, ಮೂರನೇ ಕ್ಲಾಸಿನಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಟೀಚರುಗಳೇ ಮಕ್ಕಳನ್ನು ನೋಡಬೇಕು ಅಂತ ಇದೆ. "ಸರ್, ನಮ್ಮ ಶಾಲೆಯ ಸ್ಕ್ರೀನಿಂಗ್ ಸಮಿತಿಯಲ್ಲಿ ಯಾರಿದ್ದಾರೆ?" ಅಂತ ಮರ್ಯಾದೆಯಿಂದಲೇ ಕೇಳಿ ನೋಡಿ.

ಇನ್ನು ಟಿಸಿ ಮಾತು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವ ಹಾಗಿಲ್ಲ. ನೀವಾಗಿಯೇ ಕೇಳಿ ಪಡೆದ ಹಾಗೆ ಟಿಸಿ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ನೋಡುತ್ತಾರೆ. ಹಾಕಬೇಡಿ.

ಜೋಳದರೊಟ್ಟಿ · ಸೋಮವಾರ, ರಾತ್ರಿ 10:44

ಆರ್‌ಟಿಇ 25% ಸೀಟಿನಲ್ಲಿ ಹಾಕಿ ಮೇಡಂ. ಅಂಗವಿಕಲ ಮಕ್ಕಳಿಗೆ ಎಲ್ಲ ಖಾಸಗಿ ಶಾಲೆಯಲ್ಲೂ ಫ್ರೀ.

ಮೊಸರನ್ನ · ಸೋಮವಾರ, ರಾತ್ರಿ 10:52

@ಜೋಳದರೊಟ್ಟಿ ಅದು ಹಳೆಯ ಮಾತು ಸರ್. 2012ರ ತಿದ್ದುಪಡಿಯಲ್ಲಿ ಅಂಗವಿಕಲ ಮಕ್ಕಳನ್ನು ಆ ಪಟ್ಟಿಗೆ ಸೇರಿಸಿದ್ದು ನಿಜ. ಆದರೆ ನಮ್ಮ ರಾಜ್ಯದಲ್ಲಿ 2018ರ ಕೊನೆಗೆ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗಲ್ಲ. ಅಲ್ಲದೆ ಅದು ಆರಂಭದ ತರಗತಿಗೆ ಸೇರುವವರಿಗೆ. ಈ ಮಗು ಈಗ ನಾಲ್ಕನೇ ಕ್ಲಾಸು.

ಚಾಕ್‌ಪೀಸ್ · ಮಂಗಳವಾರ, ಬೆಳಿಗ್ಗೆ 6:15

ನಾನು ಪ್ರೈಮರಿ ಟೀಚರ್. ಹದಿನೇಳು ವರ್ಷ ಆಯ್ತು. ಮೇಲಿನದ್ದೆಲ್ಲ ಓದಿ ಮನಸ್ಸಿಗೆ ಬೇಸರ ಆಯಿತು, ಹೇಳಲೇಬೇಕು.

ನನ್ನ ಕ್ಲಾಸಿನಲ್ಲಿ 52 ಮಕ್ಕಳು. 40 ನಿಮಿಷದ ಪೀರಿಯಡ್. ಹಾಜರಿ, ಹೋಮ್‌ವರ್ಕ್ ಕಳೆದು ಉಳಿಯುವುದು ಅರ್ಧ ಗಂಟೆ. ಡಿಸ್ಲೆಕ್ಸಿಯಾ ಬಗ್ಗೆ ಡಿಎಡ್‌ನಲ್ಲಿ ಒಂದು ಪಾಠ ಓದಿದ್ದು ಬಿಟ್ಟರೆ ನಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಅಂಥದ್ದರಲ್ಲಿ ತಂದೆ ತಾಯಿ ಬಂದು ಕಾಯ್ದೆ, ಸೆಕ್ಷನ್, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಅಂದರೆ ನಮಗೆ ಹೆದರಿಕೆ ಆಗುತ್ತದೆ. ಹೆದರಿದ ಟೀಚರ್ ಆ ಮಗುವಿನ ಹತ್ತಿರ ಹೋಗಲ್ಲ. ಬೈಯಲ್ಲ, ಆದರೆ ಕರೆಯೋದೂ ಇಲ್ಲ, ಪ್ರಶ್ನೆ ಕೇಳೋದೂ ಇಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತದೆ. ನಿಮಗೆ ಅದು ಬೇಕಾ?

ಆ 14 ಪುಟದ ವರದಿಯನ್ನು ಕ್ಲಾಸ್ ಟೀಚರ್ ಓದಿರಲ್ಲ ತಾಯಿ. ಪ್ರಿನ್ಸಿಪಾಲರ ಕಪಾಟಿನಲ್ಲಿರುತ್ತದೆ. ನನಗೆ ಬೇಕಿರುವುದು ಅರ್ಧ ಪುಟ. ಈ ಮಗುವಿಗೆ ಏನು ಬರುತ್ತದೆ, ಏನು ಕಷ್ಟ, ನಾಳೆಯಿಂದ ನಾನು ಏನು ಮಾಡಲಿ. ಅಷ್ಟೇ. ಎರಡು ವರ್ಷದ ಹಿಂದೆ ಒಬ್ಬ ತಂದೆ ಹಾಗೆ ಬರೆದು ತಂದಿದ್ದರು. 'ಕಿಟಕಿ ಪಕ್ಕ ಕೂರಿಸಬೇಡಿ, ರಸ್ತೆಯ ಹಾರ್ನಿಗೆ ಬೆಚ್ಚುತ್ತಾನೆ. ಎರಡನೇ ಸಾಲು, ಗೋಡೆ ಪಕ್ಕ ಸಾಕು. ಗಟ್ಟಿಯಾಗಿ ಓದಿಸುವ ಮೊದಲು ಹಿಂದಿನ ದಿನ ಹೇಳಿ.' ಆ ಕಾಗದ ನನ್ನ ಹಾಜರಿ ಪುಸ್ತಕದೊಳಗೆ ಇಡೀ ವರ್ಷ ಇತ್ತು.

ಬಯಲುಸೀಮೆ · ಮಂಗಳವಾರ, ಬೆಳಿಗ್ಗೆ 7:20

ಮೇಡಂ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಇಲ್ಲಿ ಹೊರಗೆ ಹೋಗಿ ಅಂದಿದ್ದು ಟೀಚರ್ ಅಲ್ಲ, ಆಡಳಿತ ಮಂಡಳಿ. ಅವರ ಹತ್ತಿರ ಬಾಯಿ ಮಾತು ನಡೆಯಲ್ಲ.

ಚಾಕ್‌ಪೀಸ್ · ಮಂಗಳವಾರ, ಬೆಳಿಗ್ಗೆ 7:26

ಸರಿ. ಆಡಳಿತದವರಿಗೆ ಅರ್ಜಿ ಕೊಡಿ, ಟೀಚರಿಗೆ ಅರ್ಧ ಪುಟ ಕೊಡಿ. ಎರಡೂ ಒಂದೇ ಕವರಿನಲ್ಲಿ ಹಾಕಬೇಡಿ, ಅಷ್ಟೇ ನನ್ನ ಮಾತು.

ಹೊಂಗೆಮರ · ಮಂಗಳವಾರ, ಬೆಳಿಗ್ಗೆ 7:30

ಇದು ನನಗೆ ಹೊಳೆದೇ ಇರಲಿಲ್ಲ. ನಾನೂ ಇವತ್ತೇ ಬರೆಯುತ್ತೇನೆ.

ಬಿಆರ್‌ಸಿ ಓಡಾಟ · ಮಂಗಳವಾರ, ಮಧ್ಯಾಹ್ನ 1:50

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಾನು ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕ. ಎಷ್ಟೋ ಜನ ತಂದೆ ತಾಯಿಗೆ ನಾವಿದ್ದೇವೆ ಅಂತಲೇ ಗೊತ್ತಿಲ್ಲ.

ನಮ್ಮ ಕೆಲಸ ಜಾಸ್ತಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತೇವೆ, ಅದಕ್ಕೆ ಗೃಹಾಧಾರಿತ ಶಿಕ್ಷಣ ಅಂತಾರೆ. ಹಾಸಿಗೆ ಬಿಟ್ಟು ಏಳಲಾಗದ ಒಂದು ಮಗುವಿನ ಮನೆಗೆ ನಾನು ಹೋಗುತ್ತೇನೆ, ಊರ ಬಸ್ಸು ಇಳಿದು ಎರಡು ಕಿಲೋಮೀಟರ್ ನಡೆಯಬೇಕು. ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಚೀಲದ ಸದ್ದಿಗೇ ನಗುತ್ತಾಳೆ. ಬಿಆರ್‌ಸಿಯಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತದೆ, ಶ್ರವಣ ಸಾಧನ, ಗಾಲಿ ಕುರ್ಚಿ ಇಂಥವಕ್ಕೆ ಅಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇದೆ. ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ. ಸಣ್ಣ ಮೊತ್ತವೇ, ಆದರೂ ಬಿಡಬೇಡಿ.

ಎಲ್ಲರೂ ಒಂದು ಕೆಲಸ ಮಾಡಿ. ಶಾಲೆಯಲ್ಲಿ ಎಸ್‌ಎಟಿಎಸ್ ಅಂತ ಆನ್‌ಲೈನ್ ದಾಖಲೆ ಇರುತ್ತದೆ. ಅದರಲ್ಲಿ ನಿಮ್ಮ ಮಗುವಿನ ನ್ಯೂನತೆ ದಾಖಲಾಗಿದೆಯಾ ಅಂತ ಕೇಳಿ. ಅಲ್ಲಿ 'ಇಲ್ಲ' ಅಂತ ಇದ್ದರೆ ನಮ್ಮ ಲೆಕ್ಕಕ್ಕೆ ಆ ಮಗುವೇ ಬರಲ್ಲ. ಸೌಲಭ್ಯ ಲೆಕ್ಕದ ಮೇಲೆ ಬರುತ್ತದೆ. ಮರ್ಯಾದೆಗೆ ಅಂಜಿ ಬರೆಸದೆ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಚಾಕ್‌ಪೀಸ್ ಮೇಡಂ ಹೇಳಿದ 52 ಮಕ್ಕಳ ವಿಷಯ ನಿಜ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಅಂತ ಹೇಳಿದೆ. 2025ರಲ್ಲಿ ಮತ್ತೆ, ಹುದ್ದೆಗಳನ್ನು ಗುರುತಿಸಿ ಪ್ರಕಟಿಸಿ ಅಂತ ರಾಜ್ಯಗಳಿಗೆ ಹೇಳಿತು. ನಾವಿರುವುದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಇದನ್ನೂ ತಂದೆ ತಾಯಂದಿರು ಕೇಳಬೇಕು, ನಾವು ಕೇಳಿದರೆ ಆಗಲ್ಲ.

ತುಳಸಿಕಟ್ಟೆ · ಮಂಗಳವಾರ, ಮಧ್ಯಾಹ್ನ 3:12

ಬ್ರಾಹ್ಮಿ ರಸ ಕೊಡಿ, ನೆನಪಿನ ಶಕ್ತಿ ಬರುತ್ತದೆ. ನಮ್ಮ ಅಕ್ಕನ ಮಗನಿಗೆ ಒಂದೇ ವರ್ಷದಲ್ಲಿ ಸರಿ ಹೋಯಿತು.

ಹೊಂಗೆಮರ · ಮಂಗಳವಾರ, ಮಧ್ಯಾಹ್ನ 3:20

ನೆನಪಿನ ಶಕ್ತಿ ಆ ಮಗುವಿಗೆ ಚೆನ್ನಾಗಿದೆ ಅಮ್ಮ. ಅಂಗಡಿಯ ಲೆಕ್ಕ ಪೂರ್ತಿ ತಲೆಯಲ್ಲಿದೆ ಅಂತ ಬರೆದಿದ್ದಾರಲ್ಲ. ತೊಂದರೆ ಅಕ್ಷರದ ಹತ್ತಿರ. ಅದಕ್ಕೆ ಹೇಳಿಕೊಡುವ ರೀತಿ ಬೇರೆ ಬೇಕು, ರಸ ಅಲ್ಲ.

ಸ್ಪ್ಯಾನರ್ · ಮಂಗಳವಾರ, ರಾತ್ರಿ 8:47

ನನಗೆ 41. ಟೈಪ್ ಮಾಡೋಕೆ ಬರಲ್ಲ, ಫೋನಿಗೆ ಹೇಳ್ತೀನಿ, ಅದು ಬರ್ಕೊಳ್ಳುತ್ತೆ. ತಪ್ಪಿದ್ರೆ ಕ್ಷಮಿಸಿ.

ಆ ಹುಡುಗ ನಾನೇ. ನಮ್ಮ ಕಾಲಕ್ಕೆ ಇದಕ್ಕೆ ಹೆಸರೇ ಇರಲಿಲ್ಲ. ದಡ್ಡ ಅಂತಿದ್ರು. ಆರನೇ ಕ್ಲಾಸಲ್ಲಿ ಮೇಷ್ಟ್ರು ನನ್ನ ನೋಟ್‌ಬುಕ್ ಎತ್ತಿ ಇಡೀ ಕ್ಲಾಸಿಗೆ ತೋರಿಸಿದ್ರು. ಅವತ್ತಿಂದ ಮನೆಯಿಂದ ಹೊರಟು ಕೆರೆ ಏರಿ ಮೇಲೆ ಕೂತು ಸಂಜೆ ವಾಪಸ್ ಹೋಗ್ತಿದ್ದೆ. ಎಸ್‌ಎಸ್‌ಎಲ್‌ಸಿಲಿ ಹಿಂದಿ, ಇಂಗ್ಲಿಷ್ ಎರಡೂ ಹೋಯ್ತು. ಮತ್ತೆ ಕಟ್ಟಲಿಲ್ಲ. ಈಗ ಗ್ಯಾರೇಜ್ ಇದೆ, ನಾಲ್ಕು ಜನ ಕೆಲಸಕ್ಕಿದ್ದಾರೆ. ಇಂಜಿನ್ ಸದ್ದು ಕೇಳಿ ಏನು ಕೆಟ್ಟಿದೆ ಅಂತ ಹೇಳ್ತೀನಿ. ಆದ್ರೆ ಬ್ಯಾಂಕಿಗೆ ಹೋದ್ರೆ ಇವತ್ತಿಗೂ ಚಲನ್ ತುಂಬೋಕೆ ಕೈ ನಡುಗುತ್ತೆ.

ನಮ್ಮಮ್ಮ ಶಾಲೆಗೆ ಒಂದು ಸಲ ಬಂದು 'ನನ್ನ ಮಗ ದಡ್ಡ ಅಲ್ಲ' ಅಂತ ಹೇಳಿದ್ರೆ ಸಾಕಿತ್ತು ಅಂತ ಈಗಲೂ ಅನ್ಸುತ್ತೆ. ಅವರಿಗೆ ಗೊತ್ತಿರಲಿಲ್ಲ, ತಪ್ಪಿಲ್ಲ ಅವರದ್ದು. ನಿಮಗೆ ಗೊತ್ತಾಗಿದೆ ಅಕ್ಕ. ಹೋಗಿ ಹೇಳಿ.

ಕಿರಾಣಿ ಅಂಗಡಿ ಸೊಸೆ · ಮಂಗಳವಾರ, ರಾತ್ರಿ 9:15

ಅಣ್ಣ, ನಿಮ್ಮ ಮಾತನ್ನು ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನಾನೂ ಬರುತ್ತೇನೆ ಶಾಲೆಗೆ" ಅಂದರು.

ಜೆರ್ಸಿ ಕನ್ನಡತಿ · ಬುಧವಾರ, ಬೆಳಿಗ್ಗೆ 5:30

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ಊರು ಶಿವಮೊಗ್ಗ. ಮಗಳಿಗೆ ಆಟಿಸಂ. ಇಲ್ಲಿ ವಿಶೇಷ ಮಕ್ಕಳ ಶಿಕ್ಷಣಕ್ಕೆ 1975ರಿಂದಲೇ ಕಾನೂನಿದೆ, ಈಗ ಐಡಿಇಎ ಅಂತಾರೆ. ಅಂಥ ಪ್ರತಿ ಮಗುವಿಗೂ ಐಇಪಿ ಅಂತ ಲಿಖಿತ ಯೋಜನೆ ಮಾಡಬೇಕು. ವಾರಕ್ಕೆ ಎಷ್ಟು ನಿಮಿಷ ಸ್ಪೀಚ್ ಥೆರಪಿ, ಯಾರು ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ, ವರ್ಷದ ಕೊನೆಗೆ ಮಗು ಏನು ಕಲಿತಿರಬೇಕು, ಎಲ್ಲ ಅದರಲ್ಲಿರುತ್ತದೆ. ಮೀಟಿಂಗಿನಲ್ಲಿ ತಂದೆ ತಾಯಿಯೂ ತಂಡದವರೇ. ಇಂಗ್ಲಿಷ್ ಬರದಿದ್ದರೆ ಶಾಲೆಯೇ ದುಭಾಷಿ ತರಿಸಬೇಕು. ನಮ್ಮತ್ತೆ ಮೊಮ್ಮಗಳ ಮೀಟಿಂಗಿಗೆ ಬಂದಾಗ ಕನ್ನಡದವರನ್ನು ಫೋನಿನಲ್ಲಿ ಕೊಟ್ಟಿದ್ದರು.

ಆದರೂ ಮೊದಲ ಎರಡು ವರ್ಷ ನಾನು ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿ ಥ್ಯಾಂಕ್ಯೂ ಹೇಳಿ ಬರುತ್ತಿದ್ದೆ. ಟೀಚರ್ ಎದುರು ಮಾತಾಡಬಾರದು ಅಂತ ಬೆಳೆದವರಲ್ವಾ ನಾವು. ವಾರಕ್ಕೆ 30 ನಿಮಿಷ ಅಂತ ಇದ್ದದ್ದು ಸಾಕಾಗುತ್ತಿಲ್ಲ ಅಂತ ಗೊತ್ತಿತ್ತು, ಬಾಯಿ ಬರಲಿಲ್ಲ. ಕಾನೂನು ಎಷ್ಟೇ ಗಟ್ಟಿ ಇದ್ದರೂ ಕೇಳದವರಿಗೆ ತಾನಾಗಿ ಏನೂ ಬರಲ್ಲ. ಮೂರನೇ ವರ್ಷ "ಮನೆಗೆ ಒಯ್ದು ಓದಿ ಆಮೇಲೆ ಸಹಿ ಹಾಕುತ್ತೇನೆ" ಅಂತ ಹೇಳಲು ಕಲಿತೆ.

ಊರಿಗೂ ಸೇರುವ ಮೂರು ಮಾತು. ಒಬ್ಬರೇ ಹೋಗಬೇಡಿ, ಬರೆದುಕೊಳ್ಳಲು ಇನ್ನೊಬ್ಬರಿರಲಿ. ಸಂಜೆಯೇ "ಇವತ್ತು ಮಾತಾಡಿದ್ದು ಇಷ್ಟು" ಅಂತ ಒಂದು ಮೆಸೇಜ್ ಕಳಿಸಿ. "ನನ್ನ ಮಗನಿಗೆ ಸಹಾಯ ಮಾಡಿ" ಅನ್ನಬೇಡಿ, ಏನು ಸಹಾಯ ಅಂತ ಹೆಸರಿಟ್ಟು ಕೇಳಿ.

ಜೋಳದರೊಟ್ಟಿ · ಬುಧವಾರ, ಬೆಳಿಗ್ಗೆ 8:02

ಅಮೆರಿಕದ ಕತೆ ಇಲ್ಲಿ ಯಾಕೆ ಮೇಡಂ. ಇಲ್ಲಿ ಸ್ಪೀಚ್ ಥೆರಪಿಸ್ಟ್ ಬೇಕಂದರೆ ನಾವು ಬೆಳಿಗ್ಗೆ ನಾಲ್ಕಕ್ಕೆ ಬಸ್ ಹತ್ತಬೇಕು.

ಜೆರ್ಸಿ ಕನ್ನಡತಿ · ಬುಧವಾರ, ಬೆಳಿಗ್ಗೆ 8:10

ನಿಮ್ಮ ಮಾತು ನಿಜ ಸರ್. ನನ್ನ ತಮ್ಮನ ಮಗು ಊರಲ್ಲೇ ಇದೆ, ಆ ಬಸ್ಸು ನಮಗೂ ಗೊತ್ತು. ಆದರೆ ಬರೆದುಕೊಳ್ಳುವುದಕ್ಕೆ ಅಮೆರಿಕ ಬೇಕಾಗಿಲ್ಲ ಅಲ್ವಾ?

ಚಾಕ್‌ಪೀಸ್ · ಬುಧವಾರ, ಬೆಳಿಗ್ಗೆ 8:25

ಹೆಸರಿಟ್ಟು ಕೇಳಿ ಅನ್ನುವುದು ನೂರಕ್ಕೆ ನೂರು ಸರಿ. "ಗಮನ ಕೊಡಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಏನು ಮಾಡಲಿ ಅಂತ ಯಾರೂ ಹೇಳಲ್ಲ.

ಮೊಸರನ್ನ · ಬುಧವಾರ, ಮಧ್ಯಾಹ್ನ 12:40

ಅಕ್ಕ, ಒಂದು ಅರ್ಜಿ ಬರೆದಿದ್ದೇನೆ. ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

'ಇವರಿಗೆ: ಮುಖ್ಯೋಪಾಧ್ಯಾಯರು. ವಿಷಯ: ನನ್ನ ಮಗನಿಗೆ ಕಲಿಕೆ ಮತ್ತು ಪರೀಕ್ಷೆಯಲ್ಲಿ ಅಗತ್ಯ ಹೊಂದಾಣಿಕೆ ಕೋರಿ.

ಮಾನ್ಯರೇ, ನಿಮ್ಮ ಶಾಲೆಯಲ್ಲಿ 4ನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರುವುದು ಇಂಥ ದಿನಾಂಕದ ವರದಿಯಿಂದ ತಿಳಿದಿದೆ. ವರದಿಯನ್ನು ಇಂಥ ದಿನ ತಮಗೆ ನೀಡಿದ್ದೇನೆ. ಮುಂದಿನ ವರ್ಷ ಬೇರೆ ಶಾಲೆ ನೋಡಿಕೊಳ್ಳುವಂತೆ ತಾವು ಮೌಖಿಕವಾಗಿ ತಿಳಿಸಿದ್ದೀರಿ. ನನ್ನ ಮಗ ಇದೇ ಶಾಲೆಯಲ್ಲಿ ಮುಂದುವರಿಯಬೇಕೆಂದು ನಾವು ಬಯಸುತ್ತೇವೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ ಈ ಕೆಳಗಿನ ಹೊಂದಾಣಿಕೆ ಕೋರುತ್ತೇನೆ. ಬೋರ್ಡಿನ ಮೇಲಿನ ನೋಟ್ಸನ್ನು ಫೋಟೋ ಅಥವಾ ಜೆರಾಕ್ಸ್ ರೂಪದಲ್ಲಿ ಕೊಡುವುದು. ಟೆಸ್ಟಿನಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ. ಗಣಿತದಲ್ಲಿ ಪ್ರಶ್ನೆ ಓದಿ ಹೇಳುವುದು, ಉತ್ತರವನ್ನು ಬಾಯಲ್ಲಿ ಪಡೆಯುವುದು. ವಿಷಯ ಪಾಠಗಳಲ್ಲಿ ಕಾಗುಣಿತ ತಪ್ಪಿಗೆ ಅಂಕ ಕಳೆಯದಿರುವುದು. ಈ ಬಗ್ಗೆ ಮಾತಾಡಲು ಕ್ಲಾಸ್ ಟೀಚರ್ ಸಹಿತ ಒಂದು ಸಭೆಯ ದಿನ ತಿಳಿಸಬೇಕೆಂದೂ, ಕೋರಿದ್ದರಲ್ಲಿ ಯಾವುದಾದರೂ ಸಾಧ್ಯವಿಲ್ಲವಾದರೆ ಕಾರಣವನ್ನು ಲಿಖಿತವಾಗಿ ನೀಡಬೇಕೆಂದೂ ವಿನಂತಿ.'

ಎರಡು ಪ್ರತಿ ಮಾಡಿ. ಒಂದರ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಜಗಳ ಆಡಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಹದಿನೈದು ದಿನ ನೋಡಿ. ಉತ್ತರ ಇಲ್ಲ ಅಂದರೆ ಬಿಇಒ, ಆಮೇಲೆ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ಅವರಿಗೆ ಸಮನ್ಸ್ ಕಳಿಸುವಂಥ ಸಿವಿಲ್ ಕೋರ್ಟಿನ ಕೆಲವು ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳಲ್ಲಿ ಏನು ಮಾಡಿದೆವು ಅಂತ ತಿಳಿಸಬೇಕು. ಆರ್‌ಟಿಇ ಉಲ್ಲಂಘನೆಗೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ. ನನ್ನ ಅನುಭವದಲ್ಲಿ ಸೀಲು ಬಿದ್ದ ಪ್ರತಿಯೇ ಅರ್ಧ ಕೆಲಸ ಮಾಡುತ್ತದೆ. ಅಷ್ಟು ದೂರ ಹೋಗುವ ಪ್ರಸಂಗ ನಮಗೆ ಬಂದಿದ್ದು ಒಂದೇ ಸಲ.

ಬಯಲುಸೀಮೆ · ಬುಧವಾರ, ಮಧ್ಯಾಹ್ನ 1:05

ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದರೆ?

ಮೊಸರನ್ನ · ಬುಧವಾರ, ಮಧ್ಯಾಹ್ನ 1:14

ಅನುದಾನ ಇಲ್ಲದ ಖಾಸಗಿ ಶಾಲೆಗೆ ನೇರ ಹಾಕಲು ಆಗಲ್ಲ. ಬಿಇಒ ಕಚೇರಿಗೆ ಹಾಕಬಹುದು, ನಿಮ್ಮ ಅರ್ಜಿ ಮೇಲೆ ಏನು ಕ್ರಮ ಆಯ್ತು ಅಂತ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ.

ಶಾಲು ಹೊದ್ದವಳು · ಬುಧವಾರ, ಸಂಜೆ 6:20

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದೆ ಇದ್ಯಾವುದನ್ನೂ ಕೊಡಲ್ಲ ಅಂತ ನಮ್ಮ ಶಾಲೆಯಲ್ಲಿ ಹೇಳಿದರು. ನಮ್ಮ ಮಗಳಿಗೆ ನ್ಯೂನತೆ 40% ಬಂದಿಲ್ಲ ಅಂತ ವೈದ್ಯಕೀಯ ಬೋರ್ಡಿನವರು ಹೇಳಿದ್ದಾರೆ. ಹಾಗಾದರೆ ನಮಗೆ ದಾರಿಯೇ ಇಲ್ವಾ?

ಮೊಸರನ್ನ · ಬುಧವಾರ, ಸಂಜೆ 7:01

ಇದೆ ತಾಯಿ. 40% ಅನ್ನುವುದು ಉನ್ನತ ಶಿಕ್ಷಣದಲ್ಲಿ ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ, 18ರವರೆಗಿನ ಉಚಿತ ಶಿಕ್ಷಣಕ್ಕೆ. 16ನೇ ಸೆಕ್ಷನ್ನಿನಲ್ಲಿ 40 ಅನ್ನುವ ಅಂಕಿಯೇ ಇಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಅನ್ನುವವರ ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅವರಿಗಿದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. 40% ಇಲ್ಲ ಅಂತ ಬರೆಯಲು ಸಹಾಯಕರನ್ನು ಕೊಟ್ಟಿರಲಿಲ್ಲ. ಕೊಡಬೇಕು, 40% ಅನ್ನುವುದನ್ನು ಅಡ್ಡ ಇಡಬೇಡಿ ಅಂತ ಕೋರ್ಟ್ ಹೇಳಿತು.

ಆದರೂ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿಕೊಳ್ಳುವ ಪ್ರಯತ್ನ ಬಿಡಬೇಡಿ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಅದು ಬೇಕೇ ಬೇಕು.

ಬಿಆರ್‌ಸಿ ಓಡಾಟ · ಬುಧವಾರ, ರಾತ್ರಿ 8:30

ಹೌದು. ಖಾಸಗಿ ಸೈಕಾಲಜಿಸ್ಟ್ ವರದಿ ಬೇರೆ, ಸರ್ಟಿಫಿಕೇಟ್ ಬೇರೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ವೈದ್ಯರು ನೋಡುತ್ತಾರೆ. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗುವವರು ಬಹಳ. ಕಲಿಕಾ ನ್ಯೂನತೆಯ ಪರೀಕ್ಷೆ ಒಂದೇ ದಿನಕ್ಕೆ ಮುಗಿಯದೇ ಇರಬಹುದು, ಎರಡು ಮೂರು ಸಲ ಹೋಗಲು ತಯಾರಿರಿ. ಮಗು ಓದುವ ಭಾಷೆಯಲ್ಲೇ ಪರೀಕ್ಷೆ ಮಾಡುತ್ತಾರಾ ಅಂತ ಮೊದಲೇ ಕೇಳಿ. ಹೋಗುವಾಗ ಶಾಲೆಯ ನೋಟ್‌ಬುಕ್ ಒಯ್ಯಿರಿ. ಅರ್ಧ ಬರೆದ ಪುಟಗಳೇ ಅಲ್ಲಿ ಸಾಕ್ಷಿ.

ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು, ಭಾಷಾ ವಿನಾಯಿತಿ ಇದೆಲ್ಲ ಮುಖ್ಯೋಪಾಧ್ಯಾಯರ ಮೂಲಕವೇ ಮಂಡಳಿಗೆ ಹೋಗಬೇಕು. ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಎರಡನೇ, ಮೂರನೇ ಭಾಷೆಯ ವಿನಾಯಿತಿಯ ಮಾತಿದೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಿ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಂಟನೇ ಕ್ಲಾಸಿನಲ್ಲೇ ಕಾಗದ ಸರಿ ಮಾಡಿಟ್ಟುಕೊಳ್ಳಿ.

ಸ್ಪ್ಯಾನರ್ · ಬುಧವಾರ, ರಾತ್ರಿ 8:41

ಹಿಂದಿ ಬಿಡಬಹುದು ಅಂತ ಕಾನೂನೇ ಇದೆಯಾ. ನಮ್ಮ ಕಾಲಕ್ಕೆ ಇದ್ದಿದ್ರೆ.

ಹೊಂಗೆಮರ · ಗುರುವಾರ, ಬೆಳಿಗ್ಗೆ 10:15

ಶ್ಯಾಡೋ ಟೀಚರ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ಖರ್ಚು ಯಾರದ್ದು?

ಶಾಲು ಹೊದ್ದವಳು · ಗುರುವಾರ, ಬೆಳಿಗ್ಗೆ 10:40

ನಾವು ತಿಂಗಳಿಗೆ 12,000 ಕೊಟ್ಟೆವು, ಒಂದೂವರೆ ವರ್ಷ. ನನ್ನ ಅನುಭವ ಹೇಳಲಾ? ಆ ಹುಡುಗಿಗೆ ಯಾವ ತರಬೇತಿಯೂ ಇರಲಿಲ್ಲ. ನಮ್ಮ ಮಗಳ ನೋಟ್ಸನ್ನು ಅವಳೇ ಬರೆದುಬಿಡುತ್ತಿದ್ದಳು. ಪುಟ ತುಂಬಿತು, ಮಗಳು ಕಲಿಯಲಿಲ್ಲ. ಟೀಚರ್ ಕೂಡ "ಅವಳಿಗೆ ಅವರಿದ್ದಾರಲ್ಲ" ಅಂತ ಬಿಟ್ಟುಬಿಟ್ಟರು.

ಬಿಆರ್‌ಸಿ ಓಡಾಟ · ಗುರುವಾರ, ಮಧ್ಯಾಹ್ನ 1:35

ವಿಶೇಷ ಶಿಕ್ಷಕರು ಅಂತ ಯಾರನ್ನೇ ಇಟ್ಟರೂ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ಅದು 1992ರ ಕಾಯ್ದೆಯ ಮಂಡಳಿ, ಅಲ್ಲಿ ಹೆಸರಿರಬೇಕು. ಮತ್ತೆ ಈ ಹುಡುಗನಿಗೆ ಪಕ್ಕದಲ್ಲಿ ಕೂರುವವರು ಬೇಕಿಲ್ಲ ಅನಿಸುತ್ತದೆ. ವಾರಕ್ಕೆ ಎರಡು ಮೂರು ಗಂಟೆ ಅಕ್ಷರ, ಧ್ವನಿ ಸೇರಿಸಿ ಹೇಳಿಕೊಡುವವರು ಬೇಕು. ಮರಳಿನ ತಟ್ಟೆಯಲ್ಲಿ ಬರೆಸಿ, ಒತ್ತಕ್ಷರಕ್ಕೆ ಬೇರೆ ಬಣ್ಣ ಹಾಕಿ.

ಕಿರಾಣಿ ಅಂಗಡಿ ಸೊಸೆ · ಮುಂದಿನ ವಾರ, ಶುಕ್ರವಾರ, ರಾತ್ರಿ 9:05

ಎಲ್ಲರಿಗೂ ಏನಾಯಿತು ಅಂತ ಹೇಳಬೇಕಲ್ಲ.

ಸೋಮವಾರ ಇಬ್ಬರೂ ಹೋದೆವು. ಅರ್ಜಿ ಕೊಟ್ಟೆವು. ಆಫೀಸಿನವರು "ಸೀಲು ಯಾಕೆ, ಕೊಟ್ಟು ಹೋಗಿ" ಅಂದರು. ನಾನು ಕೂತೆ. ಹತ್ತು ನಿಮಿಷ ಆದ ಮೇಲೆ ಸೀಲು ಹಾಕಿದರು. ಕೈ ನಡುಗುತ್ತಿತ್ತು, ಆದರೆ ಅಳಲಿಲ್ಲ.

ಬುಧವಾರ ಕರೆದರು. ಮುಂದಿನ ವರ್ಷದ ಮಾತು ಎತ್ತಲಿಲ್ಲ. ನಾವೇ ಎತ್ತಿದೆವು. "ಹಾಗೇನೂ ನಾವು ಹೇಳಿಲ್ಲ" ಅಂದರು. ಮನೆಯವರು ಅದನ್ನೂ ಬರೆದುಕೊಂಡರು. ಹೆಚ್ಚು ಸಮಯಕ್ಕೆ ಒಪ್ಪಿದರು, ನೋಟ್ಸ್ ಫೋಟೋಗೂ ಒಪ್ಪಿದರು. ಕಾಗುಣಿತದ ಅಂಕಕ್ಕೆ "ಆಡಳಿತ ಮಂಡಳಿಯನ್ನು ಕೇಳಬೇಕು" ಅಂದಿದ್ದಾರೆ. ಸ್ಕ್ರೀನಿಂಗ್ ಸಮಿತಿ ಬಗ್ಗೆ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಎಲ್ಲವನ್ನೂ ಮೆಸೇಜ್ ಮಾಡಿದ್ದೇನೆ.

ಕ್ಲಾಸ್ ಟೀಚರಿಗೆ ಅರ್ಧ ಪುಟ ಬೇರೆಯಾಗಿ ಕೊಟ್ಟೆ. ಚಾಕ್‌ಪೀಸ್ ಮೇಡಂ, ಅವರು ನಿಂತಲ್ಲೇ ಎರಡು ಸಲ ಓದಿದರು. "ಅಂಗಡಿ ಲೆಕ್ಕ ಮಾಡ್ತಾನಾ ಇವನು?" ಅಂತ ಕೇಳಿದರು. ಇವತ್ತು ಗಣಿತದ ಟೆಸ್ಟ್ ಇತ್ತು. ಅವನನ್ನು ಮೇಜಿನ ಹತ್ತಿರ ಕರೆದು ಪ್ರಶ್ನೆ ಓದಿ ಹೇಳಿದರಂತೆ, ಉತ್ತರ ಬಾಯಲ್ಲಿ ಕೇಳಿದರಂತೆ. 20ಕ್ಕೆ 13. ಭಾಗಾಕಾರ ನಿಜವಾಗಿಯೂ ಅವನಿಗೆ ಬರಲ್ಲ ಅಂತ ಈಗ ಗೊತ್ತಾಯಿತು. ಅದನ್ನು ಹೇಳಿಕೊಡುತ್ತೇನೆ ಅಂದಿದ್ದಾರೆ.

ಚಾಕ್‌ಪೀಸ್ · ಶುಕ್ರವಾರ, ರಾತ್ರಿ 9:12

ಆ ಟೀಚರಿಗೆ ನನ್ನ ನಮಸ್ಕಾರ ಹೇಳಿ.

ಮೊಸರನ್ನ · ಶುಕ್ರವಾರ, ರಾತ್ರಿ 9:20

ಕಾಗುಣಿತದ ವಿಷಯಕ್ಕೆ ಹದಿನೈದು ದಿನ ಆದ ಮೇಲೆ ಜ್ಞಾಪನ ಪತ್ರ ಕೊಡಿ, ಮರೆಯಬೇಡಿ. ಎಸ್‌ಎಟಿಎಸ್ ನೋಡಿದರಾ?

ಕಿರಾಣಿ ಅಂಗಡಿ ಸೊಸೆ · ಶುಕ್ರವಾರ, ರಾತ್ರಿ 9:24

ಇಲ್ಲ ಸರ್, ಕೇಳಲು ಮರೆತೆ. ಸೋಮವಾರ ಹೋಗುತ್ತೇನೆ. ಹೊಂಗೆಮರ, ನಿಮ್ಮದು ಏನಾಯಿತು?

ಹೊಂಗೆಮರ · ಶುಕ್ರವಾರ, ರಾತ್ರಿ 9:51

ಅರ್ಧ ಪುಟ ಬರೆದಿದ್ದೇನೆ ಅಕ್ಕ. ನಾಳೆ ಕೊಡುತ್ತೇನೆ. ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ: 'ಹೆಸರು ಕರೆದು ಎರಡು ಸೆಕೆಂಡು ಬಿಟ್ಟು ಪ್ರಶ್ನೆ ಕೇಳಿ. ಕತೆ ಓದಿ ಹೇಳಿದರೆ ಪೂರ್ತಿ ನೆನಪಿರುತ್ತದೆ. ಎಲ್ಲರ ಎದುರು ಗಟ್ಟಿಯಾಗಿ ಓದಿಸಬೇಡಿ. ಗಿಡಗಳ ಹೆಸರು ನಲವತ್ತರ ಮೇಲೆ ಗೊತ್ತು, ಕೇಳಿ ನೋಡಿ.'